ಕುಮಾರಪರ್ವತಕ್ಕೆ ಗುಂಪಿನೊಂದಿಗೆ: ಸುಲಭದ ದಾರಿ ಯಾವುದು?

ಪ್ರಶ್ನೆ: ನಾವು ಮೈಸೂರಿನ ಒಂದೇ ಬಡಾವಣೆಯ ಹನ್ನೊಂದು ಮಂದಿ. ಕಿರಿಯವನಿಗೆ 19 ವರ್ಷ, ಹಿರಿಯರಾದ ನನ್ನ ಸೋದರಮಾವನಿಗೆ 58. ಕಳೆದ ಡಿಸೆಂಬರ್‌ನಲ್ಲಿ ಒಂದೇ ದಿನದಲ್ಲಿ ಹತ್ತಿ ಇಳಿಯುವ ಲೆಕ್ಕದಲ್ಲಿ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತ ಏರಲು ಹೊರಟು, ದಾರಿಯ ನಡುವಿನ ಕಲ್ಲುಮಂಟಪದಿಂದಲೇ ಹಿಂದಿರುಗಿದೆವು. ರಾತ್ರಿಯೆಲ್ಲ ಟೆಂಪೋದಲ್ಲಿ ಪ್ರಯಾಣ ಮಾಡಿ, ದರ್ಶನ, ತಿಂಡಿ ಮುಗಿಸಿ ಹೊರಟಾಗ ಬೆಳಿಗ್ಗೆ ಎಂಟೂವರೆಯಾಗಿತ್ತು. ಭಟ್ಟರ ಮನೆ ತಲುಪುವಷ್ಟರಲ್ಲಿ ಮೂವರು ಸುಸ್ತಾಗಿದ್ದರು. ಮೇಲಿನ ಬಯಲಿನಲ್ಲಿ ಒಬ್ಬರಿಗೆ ವಾಂತಿಯಾಯಿತು, ಇನ್ನೊಬ್ಬರಿಗೆ ಮೀನಖಂಡ ಹಿಡಿದುಕೊಂಡಿತು. ಮುಂದೆ ಹೋಗಿದ್ದ ನಾಲ್ವರು ಹುಡುಗರು ಕಾದು ಕಾದು ಸಿಟ್ಟಾದರು. ಇಳಿಯುವಾಗ ಕಾಡಿನಲ್ಲಿ ಕತ್ತಲಾಯಿತು. ನನ್ನ ಮಂಡಿ ನೋವು ಒಂದು ವಾರ ಬಿಡಲಿಲ್ಲ. ಈ ವರ್ಷ ಮತ್ತೆ ಹೋಗುವ ಆಸೆಯಿದೆ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ಸುಲಭ ಎನ್ನುತ್ತಾರೆ, ಹುಡುಗರು ಅದನ್ನು ಮೋಸ ಎನ್ನುತ್ತಾರೆ. ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿದರೆ ಇಬ್ಬರಿಗೂ ಸಮಾಧಾನ ಎಂಬ ಸಲಹೆಯಿದೆ. ಒಬ್ಬರು ಬೆಟ್ಟಕ್ಕೆಂದೇ ಸಿಗುವ ಮಾತ್ರೆಯನ್ನು ಮೊದಲೇ ನುಂಗೋಣ ಎಂದರೆ, ಇನ್ನೊಬ್ಬರು ಗುಂಪನ್ನೇ ಎರಡು ಮಾಡೋಣ ಎನ್ನುತ್ತಾರೆ. ಮಾವನಿಗೆ ಸಕ್ಕರೆ ಕಾಯಿಲೆ ಇದೆ. ಅವರನ್ನು ಬಿಟ್ಟು ಹೋಗುವ ಮನಸ್ಸು ನನಗಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ದಾರಿಯದು, ಇನ್ನೊಂದು ಹನ್ನೊಂದು ಮಂದಿ ಒಟ್ಟಾಗಿ ನಡೆಯುವ ಬಗೆಯದು. ದಾರಿಯ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಬೀದಳ್ಳಿಯಿಂದ ಹತ್ತಿ ಬೀದಳ್ಳಿಗೇ ಇಳಿಯಿರಿ. ಆದರೆ ಕಳೆದ ವರ್ಷ ನಡೆದ ಹಾಗೆಯೇ ನಡೆದರೆ ನೀವು ಆ ದಾರಿಯಲ್ಲಿಯೂ ಅರ್ಧದಿಂದ ಹಿಂದಿರುಗುವ ಸಾಧ್ಯತೆ ಇದೆ. ಇಪ್ಪತ್ತೆರಡು ವರ್ಷಗಳಿಂದ ಪಶ್ಚಿಮ ಘಟ್ಟದಲ್ಲಿ ಗುಂಪುಗಳನ್ನು ಕರೆದೊಯ್ಯುತ್ತಿರುವ ನಾನು, ಕಾಲಿನಲ್ಲಿ ಶಕ್ತಿಯಿಲ್ಲದೆ ಸೋತ ಗುಂಪುಗಳಿಗಿಂತ ಹೊತ್ತು ಮೀರಿ ಸೋತ ಗುಂಪುಗಳನ್ನೇ ಹೆಚ್ಚಾಗಿ ಕಂಡಿದ್ದೇನೆ. ನಿಮ್ಮದೂ ಅಂಥದ್ದೇ ಎಂದು ನೀವು ಕೊಟ್ಟ ವಿವರಗಳೇ ಹೇಳುತ್ತಿವೆ.

ಮೊದಲು ಮೋಸದ ಮಾತನ್ನು ಇತ್ಯರ್ಥ ಮಾಡೋಣ. ಕುಮಾರಪರ್ವತದ ಎತ್ತರ ಸಮುದ್ರಮಟ್ಟದಿಂದ 1,712 ಮೀಟರ್. ಆ ಶಿಖರ ಇರುವುದು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿ, ಪುಷ್ಪಗಿರಿ ವನ್ಯಜೀವಿಧಾಮದ ಒಳಗೆ. ಆ ಕಡೆಯ ಜನ ಅದನ್ನು ಕರೆಯುವುದೇ ಪುಷ್ಪಗಿರಿ ಎಂದು. ಶಾಂತಳ್ಳಿ, ಬೀದಳ್ಳಿ ಕಡೆಯವರು ತಮ್ಮ ಊರಿನ ಬೆಟ್ಟವನ್ನು ತಮ್ಮ ಊರಿನಿಂದ ಹತ್ತಿದರೆ ಅದು ಮೋಸವಾಗುವುದು ಹೇಗೆ? ಕುಕ್ಕೆಯ ದಾರಿ ಹೆಸರುವಾಸಿಯಾದದ್ದಕ್ಕೆ ಅಲ್ಲಿನ ಕ್ಷೇತ್ರ, ಬಸ್ಸು ಮತ್ತು ರೈಲಿನ ಅನುಕೂಲ, ದಾರಿಯಲ್ಲಿ ಸಿಗುವ ಭಟ್ಟರ ಮನೆಯ ಊಟ ಕಾರಣ. ಅದು ಉದ್ದದ ದಾರಿ, ಕಠಿಣ ದಾರಿ, ಬಹಳ ಸುಂದರವಾದ ದಾರಿಯೂ ಹೌದು. ಅಷ್ಟಕ್ಕೇ ಅದೊಂದೇ ನಿಜವಾದ ದಾರಿ ಎಂದಾಗುವುದಿಲ್ಲ.

ಹುಡುಗರ ಮಾತಿನ ಹಿಂದೆ ಇನ್ನೊಂದು ತಪ್ಪು ಕಲ್ಪನೆಯಿದೆ, ಅದು ಬಹುಮಂದಿಗಿದೆ. ಬೆಟ್ಟದ ಕಷ್ಟವನ್ನು ಅದರ ಎತ್ತರದಿಂದ ಅಳೆಯಬಹುದು ಎಂದು ನಾವು ಭಾವಿಸುತ್ತೇವೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್‌ನಷ್ಟಿದೆ. ಅಲ್ಲಿ ವಾಹನ ಶಿಖರದ ಬುಡದವರೆಗೂ ಹೋಗುವುದರಿಂದ ಮೆಟ್ಟಿಲು ಹತ್ತಿದರೆ ತುದಿ ಸಿಗುತ್ತದೆ. ಕೊಡಗಿನ ತಡಿಯಂಡಮೋಳ್ 1,748 ಮೀಟರ್, ಎಂದರೆ ಕುಮಾರಪರ್ವತಕ್ಕಿಂತ ಸ್ವಲ್ಪ ಹೆಚ್ಚೇ. ಆದರೂ ಅದು ಸಾಮಾನ್ಯ ನಡಿಗೆಯ ಅಭ್ಯಾಸವಿರುವ ಕುಟುಂಬಗಳು ಹೋಗಿ ಬರುವ ಬೆಟ್ಟ. ಕಷ್ಟವನ್ನು ನಿರ್ಧರಿಸುವುದು ನೀವು ಎಲ್ಲಿಂದ ಹೊರಡುತ್ತೀರಿ ಎಂಬುದು. ಕುಕ್ಕೆ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಅಲ್ಲಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್ ದೂರ, 1,600 ಮೀಟರ್‌ನಷ್ಟು ಏರು. ಶಿಖರಕ್ಕೆ ಮೊದಲು ಸಿಗುವ ಶೇಷಪರ್ವತದಿಂದ ಕಣಿವೆಯ ಕಾಡಿಗೆ ಇಳಿದು ಮತ್ತೆ ಏರಬೇಕಾದದ್ದು ಬೇರೆ. ಕೊಡಗಿನ ಕಡೆ ನಡಿಗೆ ಆರಂಭವಾಗುವ ಜಾಗ ಸಾವಿರ ಮೀಟರ್‌ನ ಆಸುಪಾಸಿನಲ್ಲಿದೆ. ದೂರ ಸುಮಾರು 7 ಕಿಲೋಮೀಟರ್, ಏರು 700 ಮೀಟರ್‌ನ ಹತ್ತಿರ. ನೀವು ಮೈಸೂರಿನವರಾದ್ದರಿಂದ ಹೀಗೆ ಹೇಳಿದರೆ ಕಾಲಿಗೇ ಅರ್ಥವಾದೀತು: ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಪಾದದಿಂದ ತುದಿಯವರೆಗೆ ಎರಡೂವರೆ ಸಲ ಹತ್ತಿದರೆ ಬೀದಳ್ಳಿಯ ಏರು, ಹೆಚ್ಚುಕಡಿಮೆ ಆರು ಸಲ ಹತ್ತಿದರೆ ಕುಕ್ಕೆಯ ಏರು.

ಈಗ ಕಳೆದ ವರ್ಷದ ದಿನವನ್ನು ಗಡಿಯಾರದ ಮುಂದೆ ಇಟ್ಟು ನೋಡೋಣ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಇಂದಿಗೂ ಅದು ಬಳಕೆಯಲ್ಲಿದೆ. ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯ ದಾರಿಗೆ ಇದನ್ನು ಹಚ್ಚಿದರೆ ಐದೂಕಾಲು ಗಂಟೆ ಬರುತ್ತದೆ. ಇದು ಒಳ್ಳೆಯ ಅಭ್ಯಾಸವಿರುವ ಒಬ್ಬನೇ ವ್ಯಕ್ತಿ ಎಲ್ಲಿಯೂ ಕೂರದೆ ನಡೆದಾಗಿನ ಲೆಕ್ಕ. ಹನ್ನೊಂದು ಮಂದಿಯ ಮಿಶ್ರ ಗುಂಪಿಗೆ, ಊಟ ಮತ್ತು ವಿಶ್ರಾಂತಿಯನ್ನು ಸೇರಿಸಿ, ನಾನು ಯಾವಾಗಲೂ ಅದರ ಒಂದೂವರೆ ಪಟ್ಟು ಹಿಡಿಯುತ್ತೇನೆ. ಅಲ್ಲಿಗೆ ಸುಮಾರು ಎಂಟು ಗಂಟೆ. ಎಂಟೂವರೆಗೆ ಹೊರಟವರು ಎಲ್ಲವೂ ಸರಿಹೋದರೂ ಶಿಖರ ಮುಟ್ಟುವಾಗ ಸಂಜೆ ನಾಲ್ಕೂವರೆ. ಡಿಸೆಂಬರ್‌ನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ದಟ್ಟ ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಇಳಿಯಲು ಇನ್ನೂ 13 ಕಿಲೋಮೀಟರ್ ಬಾಕಿ. ನಿಮ್ಮ ಮಾವನಾಗಲಿ, ಮೀನಖಂಡ ಹಿಡಿದುಕೊಂಡವರಾಗಲಿ ಗುಂಪನ್ನು ಸೋಲಿಸಲಿಲ್ಲ. ದೇವಸ್ಥಾನದ ಮುಂದೆ ಹೆಜ್ಜೆ ಎತ್ತುವಾಗಲೇ ಆ ದಿನ ಕೈತಪ್ಪಿತ್ತು, ಕಲ್ಲುಮಂಟಪದಿಂದ ಹಿಂದಿರುಗಿದ ನಿರ್ಧಾರ ಸರಿಯಾಗಿಯೇ ಇತ್ತು. ಈ ಮಾತನ್ನು ದಯವಿಟ್ಟು ಎಲ್ಲರಿಗೂ ಓದಿ ಹೇಳಿ, ಏಕೆಂದರೆ ನಿಧಾನಿಗಳ ಮೇಲೆ ಹೊರಿಸಿದ ತಪ್ಪು ಮನಸ್ಸಿನಲ್ಲಿ ಉಳಿದರೆ ಮುಂದಿನ ಸಲ ಅವರು ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮತ್ತು ಬೆಟ್ಟದಲ್ಲಿ ಹೇಳದೆ ಉಳಿದ ಕಷ್ಟವೇ ಅಪಾಯಕ್ಕೆ ತಿರುಗುವುದು.

ಬೀದಳ್ಳಿಯ ದಾರಿಗೆ ಅದೇ ಲೆಕ್ಕ ಹಚ್ಚಿದರೆ ಎರಡೂವರೆ ಗಂಟೆಯ ಚಿಲ್ಲರೆ ಬರುತ್ತದೆ, ನಿಮ್ಮಂಥ ಗುಂಪಿಗೆ ನಾಲ್ಕು ಗಂಟೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಹನ್ನೊಂದಕ್ಕೆ ಶಿಖರ, ಮೂರರೊಳಗೆ ವಾಪಸು. ಮೂರು ಗಂಟೆಯಷ್ಟು ಹಗಲು ಕೈಯಲ್ಲಿ ಉಳಿಯುತ್ತದೆ. ನಾನು ಆ ದಾರಿಯನ್ನು ಸುಲಭ ಎನ್ನುವುದು ಈ ಉಳಿದ ಹಗಲಿನ ಕಾರಣಕ್ಕಾಗಿ.

ಇನ್ನು ಗುಂಪಿನ ನಡಿಗೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ನಾನು ಕಂಡ ಹತ್ತರಲ್ಲಿ ಎಂಟು ಗುಂಪುಗಳು ಎಡವುವುದು ಇಲ್ಲಿಯೇ. ಬಹಳ ಹಿಂದೆ, ನಾನು ಇನ್ನೂ ಹೊಸಬನಾಗಿದ್ದಾಗ, ತಡಿಯಂಡಮೋಳಿಗೆ ಹದಿನಾಲ್ಕು ಮಂದಿಯನ್ನು ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಒಬ್ಬ ಶಿಕ್ಷಕಿ ಪ್ರತಿ ನಿಲುಗಡೆಗೂ ಕೊನೆಯವರಾಗಿ ಬರುತ್ತಿದ್ದರು. ಮುಂದಿನವರು ಬಂಡೆಯ ಮೇಲೆ ಕುಳಿತು, ಶೂ ಬಿಚ್ಚಿ, ಕಿತ್ತಳೆ ಸುಲಿದು ತಿಂದು ಮುಗಿಸುವ ಹೊತ್ತಿಗೆ ಅವರು ಬಂದು ತಲುಪುತ್ತಿದ್ದರು. ಅವರನ್ನು ಕಂಡ ಕೂಡಲೇ "ಹಾಂ, ಎಲ್ಲರೂ ಬಂದರು, ಹೊರಡೋಣ" ಎಂದು ಗುಂಪು ಏಳುತ್ತಿತ್ತು. ಅವರು ನೀರಿನ ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಮುಂದಿನ ಬೆನ್ನುಚೀಲಗಳು ಚಲಿಸಲಾರಂಭಿಸಿರುತ್ತಿದ್ದವು. ಮಧ್ಯಾಹ್ನ ಅವರು ಹುಲ್ಲಿನ ಮೇಲೆ ಕುಸಿದು ಕುಳಿತಾಗ ನಾನು ಲೆಕ್ಕ ಹಾಕಿದೆ: ಆ ಬೆಳಿಗ್ಗೆ ಮುಂದಿನವರಿಗೆ ಮುಕ್ಕಾಲು ಗಂಟೆಗೂ ಹೆಚ್ಚು ವಿಶ್ರಾಂತಿ ಸಿಕ್ಕಿತ್ತು, ವಿಶ್ರಾಂತಿ ಅತ್ಯಂತ ಅಗತ್ಯವಾಗಿದ್ದ ಅವರಿಗೆ ಐದು ನಿಮಿಷವೂ ಸಿಕ್ಕಿರಲಿಲ್ಲ. ಅದು ಸಂಪೂರ್ಣವಾಗಿ ನನ್ನ ತಪ್ಪಾಗಿತ್ತು. ಅಂದಿನಿಂದ ನನ್ನ ಗುಂಪಿನಲ್ಲಿ ವಿಶ್ರಾಂತಿಯ ಗಡಿಯಾರ ಆರಂಭವಾಗುವುದು ಕೊನೆಯವರು ಕುಳಿತ ಮೇಲೆ.

ನಿಮ್ಮ ಗುಂಪಿನಲ್ಲಿಯೂ ಇದೇ ನಡೆದಿರಬೇಕು. ನಾಲ್ವರು ಹುಡುಗರು ಮುಂದೆ ಹೋಗಿ ಕಾಯುತ್ತಾರೆ. ಹಿಂದಿನವರು ಅವರನ್ನು ಹಿಡಿಯಲೆಂದು ತಮ್ಮ ಶಕ್ತಿಗೆ ಮೀರಿದ ವೇಗದಲ್ಲಿ ಬರುತ್ತಾರೆ, ಏದುಸಿರಿನಲ್ಲಿ ತಲುಪುತ್ತಾರೆ, ದಣಿವಾರುವ ಮೊದಲೇ ಹೊರಡುತ್ತಾರೆ. ಏದುಸಿರು ಬರುವ ವೇಗದಲ್ಲಿ ದೇಹ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಹಳ ಬೇಗ ಸುಟ್ಟುಬಿಡುತ್ತದೆ. ಮಾತಾಡಿಕೊಂಡು ನಡೆಯಬಹುದಾದ ವೇಗದಲ್ಲಿ ಕೊಬ್ಬನ್ನೂ ಬಳಸಿಕೊಂಡು ಗಂಟೆಗಟ್ಟಲೆ ಸಾಗುತ್ತದೆ. ಆದ್ದರಿಂದ ಏರಿನಲ್ಲಿ ಸರಿಯಾದ ವೇಗ ಯಾವುದು ಎಂದು ತಿಳಿಯಲು ಯಾವ ಕೈಗಡಿಯಾರವೂ ಬೇಡ: ಸಾಲಿನ ಅತ್ಯಂತ ನಿಧಾನದ ವ್ಯಕ್ತಿ ಒಂದು ಪೂರ್ಣ ವಾಕ್ಯವನ್ನು ನಡುವೆ ಉಸಿರೆಳೆಯದೆ ಹೇಳಬಲ್ಲರಾದರೆ ಅದು ಸರಿಯಾದ ವೇಗ. ಮೊದಲ ಅರ್ಧ ಗಂಟೆ ಅದಕ್ಕಿಂತಲೂ ನಿಧಾನವಾಗಿರಲಿ. ನಿಧಾನವಾಗಿ ನಡೆದರೆ ಇನ್ನೂ ಹೆಚ್ಚು ಸುಸ್ತಾಗುತ್ತದೆ ಎಂದು ಹುಡುಗರು ಹೇಳುತ್ತಾರೆ. ಅದು ಬೇಸರವೇ ಹೊರತು ಸುಸ್ತಲ್ಲ. ಬೇಸರಕ್ಕೆ ಮದ್ದು ಕೆಲಸ ಕೊಡುವುದು.

ಸಾಲನ್ನು ಹೀಗೆ ಕಟ್ಟಿ. ದಾರಿ ಬಲ್ಲ ಸಮಾಧಾನಿ ಒಬ್ಬರು ಮುಂದೆ, ಅವರ ಬೆನ್ನಿಗೇ ಎರಡನೆಯವರಾಗಿ ನಿಮ್ಮ ಮಾವ. ಅವರನ್ನೇ ಮೊದಲಿಗೆ ನಿಲ್ಲಿಸಿದರೆ ಹಿಂದಿನ ಹತ್ತು ಮಂದಿ ತಮ್ಮನ್ನು ತಳ್ಳುತ್ತಿದ್ದಾರೆ ಎಂಬ ಅಳುಕಿನಿಂದ ಅವರು ವೇಗ ಹೆಚ್ಚಿಸುತ್ತಾರೆ. ಎರಡನೆಯವರಾದರೆ ಮುಂದಿನವರು ಅವರ ಉಸಿರನ್ನು ಕೇಳಿಸಿಕೊಂಡು ಹೆಜ್ಜೆ ಹಾಕಬಹುದು. ಅತ್ಯಂತ ಗಟ್ಟಿಯಾದ ಹುಡುಗ ಕೊನೆಯಲ್ಲಿ ಬರಲಿ. ಅವನಿಗಿಂತ ಹಿಂದೆ ಯಾರೂ ಉಳಿಯಕೂಡದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಅವನ ಚೀಲದಲ್ಲಿರಲಿ. ಉಳಿದ ಮೂವರು ನಿಧಾನಿಗಳ ನೀರನ್ನು ಹೊರಲಿ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ತಲಾ ಮೂರು ಲೀಟರ್ ಬೇಕಾದ ದಾರಿಯಲ್ಲಿ ಇಬ್ಬರ ಎರಡೆರಡು ಲೀಟರನ್ನು ಹುಡುಗನೊಬ್ಬನ ಬೆನ್ನಿಗೆ ದಾಟಿಸಿದರೆ ಅವನ ಹೆಚ್ಚುವರಿ ವೇಗ ತಾನಾಗಿ ಇಳಿಯುತ್ತದೆ, ಅವರ ಹೆಜ್ಜೆ ಹಗುರವಾಗುತ್ತದೆ. ನನಗೆ ತಿಳಿದಂತೆ ಗುಂಪಿನ ನಡಿಗೆಯನ್ನು ಸಮಗೊಳಿಸಲು ಇದಕ್ಕಿಂತ ಪರಿಣಾಮಕಾರಿಯಾದ ಉಪಾಯ ಬೇರೊಂದಿಲ್ಲ. ಕಡಿದಾದ ಏರಿನಲ್ಲಿ ಇಪ್ಪತ್ತೈದು ನಿಮಿಷ ನಡಿಗೆ, ಐದು ನಿಮಿಷ ನಿಲುಗಡೆ. ಎರಡು ಗಂಟೆಗೊಮ್ಮೆ ಕಾಲು ಗಂಟೆ ಕುಳಿತು ತಿನ್ನುವುದು. ಇದನ್ನು ಯಾರಿಗೂ ಸುಸ್ತಾಗದಿದ್ದರೂ ಪಾಲಿಸಬೇಕು.

ವಾಂತಿ ಮತ್ತು ಮೀನಖಂಡದ ಸೆಳೆತಕ್ಕೆ ಕಾರಣ ಏನು? ಎತ್ತರದ ಗಾಳಿಯಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ; ಕರ್ನಾಟಕದಲ್ಲಿ ಅಷ್ಟು ಎತ್ತರದ ಬೆಟ್ಟವೇ ಇಲ್ಲ. ನಿಮ್ಮ ಸ್ನೇಹಿತರು ಹೇಳಿದ ಮಾತ್ರೆ ಡೈಮಾಕ್ಸ್ ಎಂದು ಕರೆಯುವ ಅಸಿಟಜೋಲಮೈಡ್ ಆಗಿರಬೇಕು. ಅದು ಹಿಮಾಲಯದ ಎತ್ತರಕ್ಕೆ ವೈದ್ಯರು ಕೊಡುವ ಔಷಧ, ಮೂತ್ರವನ್ನು ಹೆಚ್ಚಿಸುವ ಗುಣ ಅದಕ್ಕಿದೆ. ಬೆವರಿನಲ್ಲಿ ನೀರು ಕಳೆದುಕೊಳ್ಳುತ್ತಿರುವ ದೇಹದಿಂದ ಇನ್ನಷ್ಟು ನೀರನ್ನು ಹೊರಹಾಕಿ ಅದು ನಿಮಗೆ ಕೆಡುಕನ್ನೇ ಮಾಡುತ್ತದೆ. ಹೊರಡುವ ಮುನ್ನವೇ ನೋವಿನ ಮಾತ್ರೆ ನುಂಗುವ ಅಭ್ಯಾಸವೂ ಹಲವರಿಗಿದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೊದಲಾದವು ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ, ಜೊತೆಗೆ ನಿಲ್ಲು ಎಂದು ಹೇಳಬೇಕಾದ ನೋವನ್ನು ಮುಚ್ಚಿಡುತ್ತವೆ. ಎರಡೂ ಬೇಡ.

ಕುಕ್ಕೆ ದಾರಿಯಲ್ಲಿ ಭಟ್ಟರ ಮನೆಯವರೆಗೆ ನೆರಳಿನ ಕಾಡು, ಅದರಾಚೆ ಶೇಷಪರ್ವತದವರೆಗೆ ನೆರಳಿಲ್ಲದ ಹುಲ್ಲಿನ ಬೆಟ್ಟ. ತಡವಾಗಿ ಹೊರಟದ್ದರಿಂದ ನೀವು ನೆರಳನ್ನು ಬೆಳಗಿನ ತಂಪಿನಲ್ಲಿ ಕಳೆದು, ಬಯಲನ್ನು ನಡುಮಧ್ಯಾಹ್ನದ ಬಿಸಿಲಿಗೆ ಉಳಿಸಿಕೊಂಡಿರಿ. ನಿದ್ದೆಗೆಟ್ಟ ರಾತ್ರಿ, ಹೊಟ್ಟೆತುಂಬ ತಿಂಡಿ, ವೇಗದ ನಡಿಗೆ, ಬಿಸಿಲು ಎಲ್ಲವೂ ಒಟ್ಟಾದರೆ ಹೊಟ್ಟೆ ತೊಳಸುವುದು ಸಹಜ. ಅದು ಬಿಸಿಲಿನ ಬಳಲಿಕೆಯ ಲಕ್ಷಣ. ಅಂಥ ಹೊತ್ತಿನಲ್ಲಿ ನೆರಳು, ಒದ್ದೆ ಬಟ್ಟೆ, ಗುಟುಕು ಗುಟುಕಾಗಿ ಓಆರ್‌ಎಸ್ ಬೇಕು. ಮಾತು ತೊದಲತೊಡಗಿದರೆ, ಗೊಂದಲ ಕಂಡರೆ ಅದು ತುರ್ತು ಸ್ಥಿತಿ, ಒಡನೆಯೇ ಮೈ ತಂಪು ಮಾಡುತ್ತ ಕೆಳಗಿಳಿಸಲು ನೆರವು ಕರೆಯಬೇಕು. ಮೀನಖಂಡ ಹಿಡಿಯುವುದಕ್ಕೆ ಮುಖ್ಯ ಕಾರಣ ಅಭ್ಯಾಸಕ್ಕೆ ಮೀರಿ ದಣಿದ ಸ್ನಾಯು. ಪಾದದ ಬೆರಳುಗಳನ್ನು ಮಂಡಿಯ ಕಡೆಗೆ ಮೆಲ್ಲಗೆ ಎಳೆದು ಹಿಡಿದರೆ ಬಿಡುತ್ತದೆ. ನೀರನ್ನು ಗಂಟೆಗೆ ಅರ್ಧ ಲೀಟರ್‌ನಂತೆ ಕುಡಿಯಿರಿ, ಆದರೆ ಬರೀ ನೀರನ್ನೇ ಲೀಟರ್‌ಗಟ್ಟಲೆ ಸುರಿದುಕೊಂಡರೆ ರಕ್ತದ ಉಪ್ಪಿನಂಶ ತೆಳುವಾಗಿ ಅದರಿಂದಲೇ ತಲೆಸುತ್ತು, ವಾಕರಿಕೆ ಬರಬಹುದು. ಉಪ್ಪು ಹಾಕಿದ ಮಜ್ಜಿಗೆ, ನಿಂಬೆಯ ಪಾನಕ, ಹುರಿಗಡಲೆ, ಅವಲಕ್ಕಿ, ಶೇಂಗಾ ಚಿಕ್ಕಿ ಇವುಗಳಿಗಿಂತ ದುಬಾರಿಯಾದದ್ದು ಏನೂ ಬೇಕಾಗಿಲ್ಲ.

ಈಗ ಎಲ್ಲರಿಗೂ ಸಮಾಧಾನ ತರುವಂತೆ ಕಾಣುವ ಆ ಮಧ್ಯದ ಸಲಹೆಗೆ ಬರುತ್ತೇನೆ: ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯುವುದು. ನಿಮ್ಮ ಗುಂಪಿಗೆ ಇದನ್ನು ನಾನು ಖಂಡಿತ ಒಪ್ಪಲಾರೆ. ಇಳಿಯುವುದು ಸುಲಭ ಎಂಬ ನಂಬಿಕೆ ಶ್ವಾಸಕೋಶದ ಮಟ್ಟಿಗೆ ನಿಜ, ಮಂಡಿಯ ಮಟ್ಟಿಗೆ ಸುಳ್ಳು. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ದೇಹವನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಇಡೀ ದೇಹದ ಭಾರವನ್ನು ತಡೆದು ಹಿಡಿಯಬೇಕು. ಹಾಗೆ ಹಿಗ್ಗುತ್ತ ಭಾರ ತಡೆಯುವ ಕೆಲಸದಲ್ಲಿ ಅದರ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ನಿಮ್ಮ ಕಾಲಿನ ನೋವು ಅದೇ ರಾತ್ರಿಗಿಂತ ಮರುದಿನ, ಮೂರನೆಯ ದಿನ ಹೆಚ್ಚಾಗಿದ್ದರೆ ಅದರಲ್ಲಿ ಹೀಗೆ ಎಳೆಗಳು ಹರಿದದ್ದರ ಪಾಲು ದೊಡ್ಡದು. ತೊಡೆ ಸೋತ ಮೇಲೆ ಪ್ರತಿ ಹೆಜ್ಜೆಯ ಹೊಡೆತ ನೇರವಾಗಿ ಮಂಡಿಗೆ ಬೀಳುತ್ತದೆ, ಪಾದವೂ ಇಟ್ಟಲ್ಲಿ ನಿಲ್ಲುವುದಿಲ್ಲ. ಕುಕ್ಕೆಗೆ ಇಳಿಯುವುದೆಂದರೆ 1,600 ಮೀಟರ್ ಇಳಿಜಾರು, ಅದರ ಕೊನೆಯ ಭಾಗದಲ್ಲಿ ಬೇರು, ಕಲ್ಲು, ತರಗೆಲೆ ತುಂಬಿದ ಕಾಡು, ಅದೂ ದಣಿದ ಸಂಜೆಯ ಹೊತ್ತಿನಲ್ಲಿ. ಶಿಖರ ದಾಟಿದ ಮೇಲೆ ಯಾರಿಗಾದರೂ ತೊಂದರೆಯಾದರೆ ಬೀದಳ್ಳಿಗೆ ಮರಳುವುದಕ್ಕೂ ಮತ್ತೆ ಬೆಟ್ಟ ಹತ್ತಬೇಕು. ವಾಹನ ಬಿಸ್ಲೆ ಘಾಟಿಯನ್ನು ಸುತ್ತಿಕೊಂಡು ಕುಕ್ಕೆಗೆ ಬಂದು ಕಾಯಬೇಕಾದದ್ದು, ಎರಡೂ ಕಡೆಯ ಅನುಮತಿ ಹೊಂದಿಸಬೇಕಾದದ್ದು ಸಣ್ಣ ತೊಡಕುಗಳು. ಮಂಡಿಯ ಮಾತೇ ದೊಡ್ಡದು. ಹುಡುಗರು ಮತ್ತೊಂದು ವರ್ಷ ತಾವೇ ಅಭ್ಯಾಸ ಮಾಡಿ ಅದನ್ನು ಮಾಡಲಿ, ಅದು ಮಾಡಲು ಯೋಗ್ಯವಾದ ಚಾರಣವೇ.

ಕುಕ್ಕೆಯ ದಾರಿಯೇ ಬೇಕು ಎಂಬ ಹಟ ಉಳಿದರೆ ಭಟ್ಟರ ಮನೆಯನ್ನೇ ಗುರಿಯಾಗಿಟ್ಟುಕೊಂಡು ಅಲ್ಲಿಂದ ಹಿಂದಿರುಗುವುದು ಇನ್ನೊಂದು ಆಯ್ಕೆ; ಕಾಡಿನ ಆ ಭಾಗವೇ ಒಂದು ದಿನದ ಸಂತೋಷಕ್ಕೆ ಸಾಕು. ಹಿಂದೆ ಅಲ್ಲಿ ರಾತ್ರಿ ತಂಗಿ ಎರಡು ದಿನದಲ್ಲಿ ಶಿಖರ ಮುಗಿಸುತ್ತಿದ್ದರು. ಈಗ ಆನ್‌ಲೈನ್ ಬುಕಿಂಗ್ ಕಡ್ಡಾಯವಾಗಿದೆ, ಶಿಖರದಲ್ಲಿ ಟೆಂಟ್ ಹಾಕುವಂತಿಲ್ಲ, ಮಳೆಗಾಲದಲ್ಲಿ ಮತ್ತು ಕಾಳ್ಗಿಚ್ಚಿನ ಕಾಲದಲ್ಲಿ ದಾರಿ ಮುಚ್ಚಿರುತ್ತದೆ. ತಂಗುವ ಅವಕಾಶ ಆ ವರ್ಷದ ನಿಯಮವನ್ನು ಅವಲಂಬಿಸಿರುವುದರಿಂದ, ವಾಹನ ಗೊತ್ತು ಮಾಡುವ ಮೊದಲು ಅರಣ್ಯ ಇಲಾಖೆಯ "ಅರಣ್ಯ ವಿಹಾರ" ಜಾಲತಾಣವನ್ನು ನೋಡಿಕೊಳ್ಳಿ. ಬೀದಳ್ಳಿಗೂ ಈ ಮಾತು ಅನ್ವಯಿಸುತ್ತದೆ.

ಬೀದಳ್ಳಿಯ ದಾರಿಗೆ ಅದರದೇ ಅಪಾಯವಿದೆ, ಅದನ್ನು ಮುಚ್ಚಿಡಲಾರೆ. ಶೋಲಾ ಕಾಡು, ಎಂದರೆ ಹುಲ್ಲುಗಾವಲಿನ ನಡುವೆ ಕಣಿವೆಗಳಲ್ಲಿ ಬೆಳೆಯುವ ಕಾಡು, ಅದನ್ನು ದಾಟಿ ಶಿಖರ ಹತ್ತಿರವಾದಾಗ ಕಡಿದಾದ ಬಂಡೆಯ ಇಳಿಜಾರು ಸಿಗುತ್ತದೆ. ಒಣಗಿದ್ದಾಗ ಅದು ಕೈಕಾಲು ಊರಿ ಹತ್ತಬಹುದಾದ ಬಂಡೆ. ಒದ್ದೆಯಾಗಿದ್ದಾಗ ಪಾಚಿಯಿಂದ ಜಾರುವ ಬಂಡೆ. ಅದಕ್ಕಾಗಿಯೇ ಮಳೆ ಬಿಟ್ಟ ಕೂಡಲೇ ಅಕ್ಟೋಬರ್‌ನಲ್ಲಿ ಹೋಗುವುದು ನಿಮ್ಮ ಗುಂಪಿಗೆ ಬೇಡ, ಇಂಬಳಗಳ ಕಾಟವೂ ಆಗ ಹೆಚ್ಚು. ನವೆಂಬರ್ ಕೊನೆಯಿಂದ ಜನವರಿಯ ನಡುವೆ ಹೋಗಿ. ಬಂಡೆಯ ಮೇಲೆ ಒಬ್ಬೊಬ್ಬರಾಗಿ, ನಡುವೆ ಅಂತರವಿಟ್ಟು ಹತ್ತಿ. ಇಳಿಯುವಾಗ ಮುಖವನ್ನು ಬಂಡೆಯ ಕಡೆಗೆ ತಿರುಗಿಸಿಕೊಂಡರೆ ಅಂಜಿಕೆ ಕಡಿಮೆ. ಯಾರಿಗಾದರೂ ಅಲ್ಲಿ ಕಾಲು ನಡುಗಿದರೆ ಒಬ್ಬರು ಜೊತೆಗಿದ್ದು ಕೆಳಗಿನ ಸಮತಟ್ಟಿನಲ್ಲಿ ಕೂರಲಿ. ಹಿಂದಿನ ರಾತ್ರಿ ಸೋಮವಾರಪೇಟೆಯ ಸುತ್ತ ಎಲ್ಲಾದರೂ ತಂಗಿ, ಒಂಬತ್ತೂವರೆಗೆ ಮಲಗಿ. ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಬೆಟ್ಟ ಹತ್ತುವ ನಮ್ಮ ವಾರಾಂತ್ಯದ ಪದ್ಧತಿಯಿಂದ ಆಗುವಷ್ಟು ಹಾನಿ ಕಡಿದಾದ ಏರಿನಿಂದಲೂ ಆಗುವುದಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಗುಂಪನ್ನು ಎರಡು ಮಾಡುವ ಬಗ್ಗೆ. ದಾರಿಯ ನಡುವೆ, ಸಿಟ್ಟಿನಲ್ಲಿ, ತಾನಾಗಿ ಒಡೆಯುವ ಗುಂಪು ಅಪಾಯಕಾರಿ. ಅಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ಇಲ್ಲ, ಕವಲುಗಳಿವೆ, ಅದು ಆನೆಗಳಿರುವ ಕಾಡು. ಮನೆಯಲ್ಲಿಯೇ ಕುಳಿತು, ಯಾರು ಎಲ್ಲಿಯವರೆಗೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಎರಡು ಗುಂಪುಗಳಲ್ಲಿ ತಪ್ಪೇನಿಲ್ಲ. ಹತ್ತಲು ಮನಸ್ಸಿಲ್ಲದವರು ಹತ್ತಿರದಲ್ಲಿಯೇ ಇರುವ ಮಲ್ಲಳ್ಳಿ ಜಲಪಾತಕ್ಕೆ ಹೋಗಿ, ಬೆಟ್ಟದಿಂದ ಇಳಿದು ಬರುವ ಕುಮಾರಧಾರೆಯನ್ನು ನೋಡಿ ಮಧ್ಯಾಹ್ನದ ಹೊತ್ತಿಗೆ ಬೀದಳ್ಳಿಗೆ ಬರಬಹುದು. ಹತ್ತಲು ಹೊರಟ ಮೇಲೆ ಮಾತ್ರ ಒಂದೇ ಸಾಲು. ಯಾರಾದರೂ ಹಿಂದಿರುಗಬೇಕಾದರೆ ಅವರೊಂದಿಗೆ ಕನಿಷ್ಠ ಇಬ್ಬರು ಇಳಿಯಬೇಕು. ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದರೂ ಹಿಂದಿರುಗುವುದು ಎಂದು ಹಿಂದಿನ ರಾತ್ರಿಯೇ ಎಲ್ಲರ ಮುಂದೆ ನಿರ್ಧರಿಸಿ, ಆ ಮಾತನ್ನು ನಡೆಸುವ ಹೊಣೆಯನ್ನು ಒಬ್ಬರಿಗೇ ವಹಿಸಿ. ಶಿಖರ ಕಣ್ಣೆದುರಿಗಿರುವಾಗ ಹತ್ತು ಮಂದಿ ಸೇರಿ ಮಾಡುವ ಚರ್ಚೆ ಎಂದೂ ಸರಿಯಾದ ತೀರ್ಮಾನಕ್ಕೆ ಬರುವುದಿಲ್ಲ.

ನಿಮ್ಮ ಮಾವನ ವಿಷಯದಲ್ಲಿ ನಾನು ವೈದ್ಯನಲ್ಲದ್ದರಿಂದ, ಅವರು ತಮ್ಮ ವೈದ್ಯರನ್ನು ಕೇಳಲೇಬೇಕಾದ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ನಾಲ್ಕು ಗಂಟೆ ಏರುವ ಶ್ರಮವನ್ನು ಅವರ ಹೃದಯ ತಾಳಬಲ್ಲದೇ ಎಂಬ ಪರೀಕ್ಷೆ ಮೊದಲನೆಯದು. ಆ ದಿನದ ಸಕ್ಕರೆಯ ಔಷಧದ ಪ್ರಮಾಣ ಎರಡನೆಯದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ದೀರ್ಘ ಶ್ರಮದ ನಡುವೆ ಸಕ್ಕರೆ ತೀರಾ ಇಳಿಯಬಹುದು; ಅದರ ಲಕ್ಷಣಗಳಾದ ಬೆವರು, ನಡುಕ, ಮಂಕು ಬೆಟ್ಟದಲ್ಲಿ ಬರೀ ಸುಸ್ತಿನಂತೆಯೇ ಕಾಣುವುದರಿಂದ ಜೊತೆಯವರು ಮೋಸಹೋಗುತ್ತಾರೆ. ಗ್ಲೂಕೋಸ್ ಪುಡಿ ಅವರ ಜೇಬಿನಲ್ಲಿಯೇ ಇರಲಿ, ಸಕ್ಕರೆ ನೋಡುವ ಯಂತ್ರ ಚೀಲದಲ್ಲಿರಲಿ, ಅದನ್ನು ಬಳಸಲು ಇನ್ನಿಬ್ಬರು ಕಲಿತಿರಲಿ. ಹೊಸ ಶೂ ಬೇಡ. ನಿಲುಗಡೆಗಳಲ್ಲಿ ಸಾಕ್ಸ್ ತೆಗೆದು ಪಾದದಲ್ಲಿ ಗುಳ್ಳೆ ಎದ್ದಿದೆಯೇ ನೋಡಬೇಕು, ಏಕೆಂದರೆ ಸಕ್ಕರೆ ಕಾಯಿಲೆಯವರಿಗೆ ಪಾದದ ನೋವು ತಿಳಿಯದೆಯೇ ಹೋಗಬಹುದು. ಎದೆ ಬಿಗಿದರೆ, ದವಡೆ ಅಥವಾ ತೋಳಿಗೆ ನೋವು ಹರಿದರೆ ಅಲ್ಲಿಗೆ ನಡಿಗೆ ನಿಲ್ಲಬೇಕು.

ಕೊನೆಯದಾಗಿ ನಿಮ್ಮ ಮಂಡಿ. ಊರುಗೋಲು ಎರಡಿದ್ದರೆ ಇಳಿಜಾರಿನಲ್ಲಿ ಮಂಡಿಯ ಭಾರದ ಒಂದು ಪಾಲನ್ನು ತೋಳುಗಳು ಹೊರುತ್ತವೆ. ಇಳಿಯುವಾಗ ಅದನ್ನು ಸ್ವಲ್ಪ ಉದ್ದ ಮಾಡಿಕೊಂಡು ಹೆಜ್ಜೆಗೆ ಮೊದಲು ಕೋಲೂರಿ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಪೂರ್ತಿ ನೆಟ್ಟಗಾಗದಿರಲಿ. ಇವೆಲ್ಲಕ್ಕಿಂತ ಹೆಚ್ಚಿನ ರಕ್ಷಣೆ ಅಭ್ಯಾಸದಿಂದ ಸಿಗುತ್ತದೆ. ಒಮ್ಮೆ ಇಳಿಜಾರಿನ ನೋವನ್ನು ಅನುಭವಿಸಿ ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅಂಥದ್ದೇ ಶ್ರಮವನ್ನು ಬಹಳ ಕಡಿಮೆ ಹಾನಿಯೊಂದಿಗೆ ತಾಳಿಕೊಳ್ಳುತ್ತದೆ. ಹಾಗಾಗಿ ಎರಡು ತಿಂಗಳ ಮೊದಲಿನಿಂದ ವಾರಕ್ಕೊಮ್ಮೆ ಹನ್ನೊಂದು ಮಂದಿಯೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ಬಾರದೆ ಮೆಟ್ಟಿಲಿನಲ್ಲಿಯೇ ಇಳಿಯಿರಿ. ಮೊದಲ ವಾರ ಒಂದು ಸಲ ಸಾಕು. ಹೊರಡುವ ಎರಡು ವಾರ ಮುಂಚಿನ ಭಾನುವಾರ, ಅಂದು ಹೊರಲಿರುವ ಚೀಲವನ್ನೇ ಹೊತ್ತು, ಮೇಲೆ ಹೇಳಿದ ಸಾಲಿನಲ್ಲಿಯೇ, ಎರಡು ಸಲ ಹತ್ತಿ ಎರಡು ಸಲ ಇಳಿಯಿರಿ. ಮಂಗಳವಾರ ಬೆಳಿಗ್ಗೆ ಯಾರ ಮಂಡಿ ಹೇಗಿದೆ ಎಂದು ಒಬ್ಬೊಬ್ಬರನ್ನೂ ಕೇಳಿ, ಬೀದಳ್ಳಿಯ ಸಾಲಿಗೆ ಯಾರು, ಮಲ್ಲಳ್ಳಿಗೆ ಯಾರು ಎಂಬ ಪಟ್ಟಿಯನ್ನು ಆಮೇಲೆ ಬರೆಯಿರಿ.